ಹಲ್ಲು ಸವೆದ ಕುದುರೆಗೆ ಮೇವು

ಹಾವೇರಿ ಜಿಲ್ಲೆಯಲ್ಲಿ ಸುಗ್ಗಿ ಮುಗಿದ ಮೇಲೆ ಮೇವಿನ ಬಣವಿಯಿಲ್ಲದ ಊರನ್ನು ಕಾಣುವುದು ಕಷ್ಟ. ಮಲೆನಾಡಿನ ಸೆರಗಿಗೆ ಹೊಂದಿಕೊಂಡಿರುವ ಹಾನಗಲ್ಲಿನಲ್ಲಿ ಬತ್ತದ ಹುಲ್ಲು. ಶಿಗ್ಗಾವಿಯಲ್ಲಿ ಹುಲ್ಲಿನೊಡನೆ ಶೇಂಗಾದ ಹೊಟ್ಟು. ಸವಣೂರಿನ ಎರೆಹೊಲಗಳಲ್ಲಿ ಜೋಳದ ಕಣಿಕೆ. ಹಿರೇಕೆರೂರಿನ ಕಡೆ ಗೋವಿನಜೋಳದ ದಂಟು. ಇದೇ ಕಾಲಕ್ಕೆ ಕೊಯ್ದ ಹೊಲಗಳಲ್ಲಿ ಕುರಿಹಿಂಡುಗಳು ಬೀಡುಬಿಡುತ್ತವೆ. ಕುರುಬರ ಹಾಸಿಗೆ, ಪಾತ್ರೆ, ಆಗತಾನೆ ಹುಟ್ಟಿದ ಮರಿಗಳನ್ನು ಹೊರಲು ಹಿಂಡಿನ ಜೊತೆಗೆ ಒಂದೆರಡು ತಟ್ಟುಗಳು, ಅಂದರೆ ಗಿಡ್ಡ ಜಾತಿಯ ಕುದುರೆಗಳು, ಬರುವುದುಂಟು.

ಇಂತಹ ತಟ್ಟುಗಳಲ್ಲಿ ಮುದಿಯಾದುದೊಂದು, ಮುಂದೆ ಮೇವಿನ ರಾಶಿಯೇ ಬಿದ್ದಿದ್ದರೂ ದಿನದಿನಕ್ಕೆ ಸೊರಗುತ್ತದೆ. ಪಕ್ಕೆಲುಬುಗಳು ಎದ್ದು ಕಾಣುತ್ತವೆ, ಬೆನ್ನು ತಗ್ಗುತ್ತದೆ. ವಯಸ್ಸಾಯಿತು, ಇನ್ನೇನು ಮಾಡಲಾದೀತು ಎಂದು ಒಡೆಯನು ಸುಮ್ಮನಾಗುತ್ತಾನೆ. ಆದರೆ ಮುಪ್ಪೊಂದೇ ಕುದುರೆಯನ್ನು ಎಲುಬಿನ ಗೂಡಾಗಿಸುವುದಿಲ್ಲ. ಜಂತುಹುಳು ಮೊದಲಾದ ಬೇರೆ ಕಾರಣಗಳೂ ಇರಬಹುದು. ಆದರೂ ಅನೇಕ ವೇಳೆ ಅದು ಉಪವಾಸವಿರುತ್ತದೆ ಎಂಬುದೇ ನಿಜ. ತುಂಬಿದ ಗೋದಲಿಯ ಮುಂದೆ ಉಪವಾಸವೇ? ಹೌದು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ನಾವು ಕುದುರೆಯ ಬಾಯಿಯೊಳಗೆ ನೋಡಬೇಕು.

ಒಣಮೇವು ನಾವು ಎಣಿಸಿರುವುದಕ್ಕಿಂತ ಒರಟಾದ ವಸ್ತು. ದಂಟಿಗೆ ಗಡಸುತನವನ್ನು ಕೊಡುವ ಲಿಗ್ನಿನ್ ಎಂಬ ದ್ರವ್ಯ ಅದರಲ್ಲಿ ಹೇರಳವಾಗಿರುತ್ತದೆ. ಬತ್ತದ ಹುಲ್ಲಿನಲ್ಲಂತೂ ಮರಳಿನ ಮೂಲದ್ರವ್ಯವಾದ ಸಿಲಿಕಾ ಕೂಡ ತುಂಬಿದೆ. ಅದನ್ನು ಅಗಿಯುವ ಹಲ್ಲು ಸವೆಯಲೇ ಬೇಕು. ಸುಮಾರು ಒಂದೂವರೆ ಎರಡು ಕೋಟಿ ವರ್ಷಗಳ ಹಿಂದೆ, ಎಲೆ ಚಿಗುರುಗಳನ್ನು ತಿನ್ನುತ್ತಿದ್ದ ಕುದುರೆಯ ಪೂರ್ವಜರು ಹುಲ್ಲುಗಾವಲಿಗೆ ಇಳಿದಾಗ ಎತ್ತರವಾದ ಹಲ್ಲುಳ್ಳವು ಉಳಿದುಕೊಂಡವು. ಇಂದಿನ ಎಳೆಯ ಕುದುರೆಯ ದವಡೆಹಲ್ಲು ೭ರಿಂದ ೧೦ ಸೆಂಟಿಮೀಟರು ಉದ್ದವಿದ್ದು, ಅದರ ಬಹುಭಾಗ ದವಡೆಯ ಎಲುಬಿನೊಳಗೆ ಅಡಗಿರುತ್ತದೆ. ಮೇಲೆ ಸವೆದಂತೆ ಕೆಳಗಿನಿಂದ ವರ್ಷಕ್ಕೆ ೨-೩ ಮಿಲಿಮೀಟರಿನಷ್ಟು ಹೊರಕ್ಕೆ ಬರುತ್ತದೆ. ಇದು ಹೊಸ ಬೆಳವಣಿಗೆಯಲ್ಲ. ಕೂಡಿಟ್ಟ ಗಂಟು ಕರಗುವುದು ಮಾತ್ರ. ೨೫-೩೦ ವರ್ಷಗಳಲ್ಲಿ ಈ ಗಂಟು ಮುಗಿಯುತ್ತದೆ ಎಂಬುದನ್ನು ಓದುಗರೇ ಲೆಕ್ಕ ಹಾಕಿ ನೋಡಬಹುದು. ಅದಕ್ಕೆ ಮೊದಲೇ ಹಲ್ಲುಗಳು ನುಣುಪಾಗುತ್ತವೆ, ಅಲುಗುತ್ತವೆ, ನಡುನಡುವೆ ಸಂದುಬಿಟ್ಟು ಮೇವನ್ನು ಸಿಕ್ಕಿಸಿಕೊಳ್ಳುತ್ತವೆ. ಮೇಲುದವಡೆ ಕೆಳದವಡೆಗಿಂತ ಅಗಲವಾದುದರಿಂದ ಹಲ್ಲಿನ ಅಂಚುಗಳು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕುಯ್ಯುವುದೂ ಉಂಟು.

ಹಲ್ಲು ಸವೆದರೆ ಎತ್ತಿಗೂ ತೊಂದರೆಯಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಆದರೆ ಎತ್ತಿಗೆ ಎರಡನೆಯ ಅವಕಾಶವೊಂದಿದೆ. ಅದು ಮೇವನ್ನು ಅರೆಬರೆಯಾಗಿ ಅಗಿದು ನುಂಗುತ್ತದೆ. ಮೊದಲನೆಯ ಹೊಟ್ಟೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಅದನ್ನು ನೆನೆಸಿ, ಹುಳಿಸಿ, ಮೆದುವಾಗಿಸುತ್ತವೆ. ಆಮೇಲೆ ದಿನಕ್ಕೆ ೬ರಿಂದ ೮ ಗಂಟೆಗಳ ಕಾಲ ಎತ್ತು ಅದನ್ನೇ ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಕುದುರೆಯಲ್ಲಿ ಈ ಏರ್ಪಾಡು ಹಿಂದುಮುಂದಾಗಿದೆ. ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಇರುವುದು ಹಿಂದುಗಡೆ, ಕುರುಡುಕರುಳು ಮತ್ತು ದೊಡ್ಡಕರುಳುಗಳಲ್ಲಿ. ಅಲ್ಲಿಗೆ ಹೋದ ಮೇವು ಬಾಯಿಗೆ ಮರಳಿ ಬರಲಾರದು. ಅಗಿಯುವ ಕೆಲಸವೆಲ್ಲ ಒಂದೇ ಸಲಕ್ಕೆ, ಮೊದಲಿಗೇ ಮುಗಿಯಬೇಕು. ಒಂದು ಕಿಲೋಗ್ರಾಮು ಒಣಹುಲ್ಲನ್ನು ಅಗಿಯಲು ದೊಡ್ಡ ಕುದುರೆಗೆ ಸುಮಾರು ೪೦ ನಿಮಿಷಗಳು ಬೇಕು; ಅಷ್ಟರಲ್ಲಿ ದವಡೆ ಮೂರು ಸಾವಿರಕ್ಕೂ ಹೆಚ್ಚು ಸಲ ಆಡುತ್ತದೆ. ಇದಲ್ಲದೆ, ಅಗಿಯುವಾಗ ಮಾತ್ರ ಕುದುರೆಗೆ ಜೊಲ್ಲು ಸುರಿಯುತ್ತದೆ. ಅಗಿತ ಕಡಿಮೆಯಾದರೆ ಮೇವು ಒಣಗಿದಂತೆಯೇ ಗಂಟಲಿಗೆ ಇಳಿದು ಸಿಕ್ಕಿಕೊಳ್ಳಬಹುದು, ಇಲ್ಲವೆ ಕರುಳಿನಲ್ಲಿ ಗಟ್ಟಿಯಾಗಿ ನಿಂತು ಪ್ರಾಣಾಂತಿಕವಾದ ಹೊಟ್ಟೆಶೂಲೆಯನ್ನು ತರಬಹುದು. ಕುದುರೆಗೆ ವಾಂತಿ ಮಾಡುವ ಶಕ್ತಿಯೂ ಇಲ್ಲ.

ಸಂತೆಯಲ್ಲಿ ಬಾಯಿ ತೆರೆಸಿ ನೋಡುವವರು ಮುಂದಿನ ಬಾಚಿಹಲ್ಲುಗಳನ್ನು ಎಣಿಸಿ ಸುಮ್ಮನಾಗುತ್ತಾರೆ. ವಯಸ್ಸನ್ನು ಊಹಿಸಲು ಅಷ್ಟು ಸಾಕು. ಹಿಟ್ಟು ಬೀಸುವ ಕಲ್ಲುಗಳು ಇರುವುದು ಹಿಂದೆ, ಕಣ್ಣಿಗೆ ಕಾಣದಲ್ಲಿ. ಅವು ಕೆಟ್ಟುದನ್ನು ಹೊರಗಿನಿಂದಲೇ ತಿಳಿಯುವ ಗುರುತುಗಳಿವೆ. ಕುದುರೆ ಬಹಳ ಹೊತ್ತು ಅಗಿದು, ಅರೆ ಅಗಿದ ಹುಲ್ಲನ್ನು ಒದ್ದೆಯಾದ ಉಂಡೆಯಂತೆ ಕೆಳಗೆ ಉಗುಳುತ್ತದೆ. ಲದ್ದಿಯನ್ನು ನೀರಿನಲ್ಲಿ ಕದಡಿದರೆ ಉದ್ದುದ್ದನೆಯ ಎಳೆಗಳೂ ಇಡಿಯ ಕಾಳುಗಳೂ ಸಿಗುತ್ತವೆ. ಮಳೆಗಾಲದಲ್ಲಿ ಎಳೆಯ ಹಸಿಹುಲ್ಲು ದೊರೆಯುವುದರಿಂದ ಕುದುರೆ ಸುಧಾರಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ಕಣಿಕೆ ಹುಲ್ಲುಗಳೇ ಗತಿಯಾದಾಗ ಬೇನೆ ಬಯಲಾಗುತ್ತದೆ.

ಮೊದಲು ಪಶುವೈದ್ಯರಿಂದ ಬಾಯಿಯನ್ನು ಪರೀಕ್ಷೆ ಮಾಡಿಸಬೇಕು. ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿ ಸಮಮಾಡಿದರೆ ಎಷ್ಟೋ ಕುದುರೆಗಳು ಮತ್ತೆ ಮೇಯುತ್ತವೆ. ಹಲ್ಲೇ ಮುಗಿದಿದ್ದರೆ ಬಾಯಿಯ ಕೆಲಸವನ್ನು ನಾವು ಹೊರಗೆ ಮಾಡಿಕೊಡಬೇಕಾಗುತ್ತದೆ. ಮೇವನ್ನು ಕತ್ತರಿಸಿ ಹಾಕಿದರೆ ಸಾಲದೇ ಎಂದು ಹಲವರು ಎಣಿಸುತ್ತಾರೆ. ಸ್ವಲ್ಪ ಹಲ್ಲು ಉಳಿದಿರುವಾಗ ಅದು ಸರಿ. ಹಲ್ಲಿಲ್ಲದ ಕುದುರೆಯಾದರೋ ಕಣಿಕೆಯ ಗಡಸು ತುಂಡುಗಳನ್ನು ಅಗಿಯದೆಯೇ ನುಂಗಿಬಿಡುವುದರಿಂದ ಅಪಾಯ ಹೆಚ್ಚುತ್ತದೆ. ಅದಕ್ಕೆ ಬೇಕಾದುದು ಪುಡಿಮಾಡಿ, ನೀರಿನಲ್ಲಿ ನೆನೆಸಿ, ಅಂಬಲಿಯಂತೆ ಮಾಡಿದ ಮೇವು.

ಪಾಶ್ಚಾತ್ಯ ದೇಶಗಳಲ್ಲಿ ಸಕ್ಕರೆ ಬೀಟಿನ ಸಿಪ್ಪೆಯನ್ನೂ ಒತ್ತಿದ ಹುಲ್ಲಿನ ಬಿಲ್ಲೆಗಳನ್ನೂ ನೆನೆಸಿ ಕೊಡುತ್ತಾರೆ. ನಮ್ಮಲ್ಲಿ ಅದಕ್ಕಾಗಿ ಚಿಂತಿಸಬೇಕಾಗಿಲ್ಲ. ಶಿಗ್ಗಾವಿಯ ಶೇಂಗಾದ ಹೊಟ್ಟಿನಲ್ಲಿ ಎಲೆಯ ಭಾಗ ಹೆಚ್ಚು. ಬೂಷ್ಟು ಹಿಡಿಯದುದನ್ನು ಆರಿಸಿ, ಮಣ್ಣನ್ನು ಕೊಡವಿ, ಪುಡಿಮಾಡಬಹುದು. ಒಣಗಿಸಿದ ಕುದುರೆಮೆಂತೆ ಇದ್ದರೆ ಇನ್ನೂ ಉತ್ತಮ. ಇವುಗಳಿಗೆ ಗೋದಿಯ ಬೂಸಾ, ಬೇಯಿಸಿ ಹಿಸುಕಿದ ಸ್ವಲ್ಪ ಹುರುಳಿ, ಚಿಟಿಕೆ ಉಪ್ಪು ಸೇರಿಸಬೇಕು. ಇಂಗ್ಲಿಷರು ಹುರುಳಿಗೆ ಕುದುರೆಯ ಕಾಳೆಂದೇ ಹೆಸರಿಟ್ಟರು! ಬೂಸಾ ಒಂದನ್ನೇ ನಂಬುವುದು ತಪ್ಪು. ಅದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಿಮೆ. ಬಹುಕಾಲ ಅದನ್ನೇ ತಿಂದ ಕುದುರೆಯ ಎಲುಬು ಮೆದುವಾಗುತ್ತದೆ. ಕುದುರೆಮೆಂತೆಯಲ್ಲಿ ಸುಣ್ಣ ಸಮೃದ್ಧವಾಗಿರುವುದರಿಂದ ಆ ಕೊರತೆ ತುಂಬುತ್ತದೆ. ಸೊರಗಿದೆಯೆಂದು ಮರುಕಪಟ್ಟು ಗೋವಿನಜೋಳವನ್ನು ಮೊರಗಟ್ಟಲೆ ಸುರಿಯುವುದಂತೂ ಕೂಡದು. ಹಿಟ್ಟಿನಂಶ ಹಿಂಗರುಳಿಗೆ ಇಳಿದು ಹುಳಿಯಾದರೆ ಗೊರಸಿನೊಳಗೆ ಬಾವು ಬಂದು ಕುದುರೆ ನಿಲ್ಲಲಾರದಂತಾಗುತ್ತದೆ.

ಪ್ರಮಾಣವನ್ನು ಕುರಿತು ಒಂದು ಮಾತು. ಕುದುರೆಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಆಹಾರ ಬೇಕು. ೨೦೦ ಕಿಲೋ ತೂಗುವ ತಟ್ಟುವಿಗೆ ೩-೪ ಕಿಲೋ ಎಂದಾಯಿತು. ನೆನೆಸುವ ಮುನ್ನ ತೂಗಿದ ಲೆಕ್ಕವಿದು. ಕುದುರೆಯ ಜಠರ ಚಿಕ್ಕದಾದುದರಿಂದ ಇದನ್ನು ನಾಲ್ಕೈದು ಹೊತ್ತಿಗೆ ಹಂಚಬೇಕು. ಹೊಸ ಮೇವಿಗೆ ೭ರಿಂದ ೧೦ ದಿನಗಳಲ್ಲಿ ಮೆಲ್ಲಮೆಲ್ಲನೆ ಒಗ್ಗಿಸಬೇಕು. ಬೇಸಗೆಯಲ್ಲಿ ನೆನೆಸಿದುದು ಬೇಗ ಹಳಸುವುದರಿಂದ ಆ ಹೊತ್ತಿನದನ್ನು ಆ ಹೊತ್ತಿಗೇ ಕಲಸುವುದು ಲೇಸು. ಬೇರೆ ಪ್ರಾಣಿಗಳು ಕಸಿಯದಂತೆ ಪ್ರತ್ಯೇಕವಾಗಿ ಕಟ್ಟಬೇಕೆಂಬುದನ್ನು ಹೇಳಬೇಕಾದುದಿಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ೧೦೦ ಕಿಲೋ ಬತ್ತದ ಹುಲ್ಲಿಗೆ ೪ ಕಿಲೋ ಯೂರಿಯವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟು ಮೆದುಮಾಡುವ ಕ್ರಮವಿದೆ. ಬೆಳೆದ ದನಗಳಿಗೆ ಅದು ಒಳ್ಳೆಯ ಮೇವು: ಅವುಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯದ ಸಾರಜನಕದಿಂದ ಸಸಾರಜನಕವನ್ನು ಕಟ್ಟುತ್ತವೆ, ದನವು ಆ ಜೀವಿಗಳನ್ನೇ ಅರಗಿಸಿಕೊಳ್ಳುತ್ತದೆ. ಕುದುರೆಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ, ವಿಷವಾಗುವ ಭಯವೂ ಉಂಟು. ಆದುದರಿಂದ ಎತ್ತಿಗೆ ಹಾಕಿದ ಆ ಹುಲ್ಲಿನ ಬಳಿ ತಟ್ಟುವನ್ನು ಬಿಡಬಾರದು.

ಮಾಡಿದ ಆರೈಕೆ ಫಲಿಸಿತೇ ಎಂದು ನೋಡಲು ತಕ್ಕಡಿ ಬೇಕಿಲ್ಲ. ಮುಂಗಾಲುಗಳ ಹಿಂದೆ, ಎದೆಯ ಸುತ್ತ ಒಂದು ಹುರಿಯನ್ನು ಹಾಯಿಸಿ ಅಳತೆಗೆ ಗಂಟು ಹಾಕಿಡಬೇಕು. ಹದಿನೈದು ದಿನಗಳಿಗೊಮ್ಮೆ ಅದೇ ಹುರಿಯಿಂದ ಅಳೆದರೆ, ಗಂಟು ಎತ್ತ ಸರಿಯುತ್ತಿದೆಯೆಂಬುದು ಕಣ್ಣಿಗೇ ಕಾಣುತ್ತದೆ.