ಚಕಮಕಿಯ ಪಿಸ್ತೂಲು

ಬೆಂಕಿಕಡ್ಡಿಯ ಪೆಟ್ಟಿಗೆಯು ನಮ್ಮ ಮನೆಗಳನ್ನು ಹೊಗುವ ಮೊದಲು, ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಬೆಳಗಿನ ವರೆಗೆ ಕಾಯ್ದಿಡುವದು ಮನೆಯ ಹೆಣ್ಣುಮಕ್ಕಳ ನಿತ್ಯದ ಕೆಲಸವಾಗಿದ್ದಿತು. ಅದು ಆರಿತೆಂದರೆ ನೆರೆಮನೆಯಿಂದ ಕೆಂಡವನ್ನು ತರಬೇಕು, ಇಲ್ಲವೆ ಚಕಮಕಿಯನ್ನು ಹೊಡೆಯಬೇಕು. ಒಂದು ಗಟ್ಟಿಕಲ್ಲಿನ ಚೂರು, ಒಂದು ಉಕ್ಕಿನ ತುಂಡು, ಒಂದಿಷ್ಟು ಅರಳೆ, ಇವೇ ಅದರ ಸಾಮಗ್ರಿಗಳು. ದಾರಿಹೋಕನೂ ಕುರುಬನೂ ಇವನ್ನು ಸಣ್ಣ ಸಂಚಿಯಲ್ಲಿ ಕಟ್ಟಿಕೊಂಡೇ ತಿರುಗುತ್ತಿದ್ದರು. ಬಡವರ ಈ ಸಾಧನವೇ ಕೋವಿಯ ಮೈಮೇಲೆ ಏರಿ ಕುಳಿತು ಇನ್ನೂರು ವರ್ಷಗಳಷ್ಟು ಕಾಲ ಜಗತ್ತಿನ ರಾಜ್ಯಗಳನ್ನು ಕಟ್ಟಿತು, ಕೆಡವಿತು ಎಂದರೆ ವಾಚಕರು ಆಶ್ಚರ್ಯಪಡಬಹುದು.

ಅಮೇರಿಕೆಯೇ ಮೊದಲಾದ ದೇಶಗಳಲ್ಲಿ, ಹಳೆಯ ಕಾಲದ ಚಕಮಕಿ ಪಿಸ್ತೂಲನ್ನು ಬಿಡಿಭಾಗಗಳಿಂದ ತಾವೇ ಜೋಡಿಸುವದು ಅನೇಕರಿಗೆ ಬಿಡುವಿನ ವೇಳೆಯ ಹವ್ಯಾಸವಾಗಿದೆ. ಒಬ್ಬರಿಂದ ನಳಿಗೆ, ಮತ್ತೊಬ್ಬರಿಂದ ಕೀಲುಗಳು, ಇನ್ನೊಬ್ಬರಿಂದ ಕಟ್ಟಿಗೆಯ ಹಿಡಿ, ಹೀಗೆ ಕೂಡಿಸಿ ತಿಂಗಳುಗಟ್ಟಲೆ ಅರ ಹಾಕಿ ಉಜ್ಜಿ ಒಂದು ಪಿಸ್ತೂಲನ್ನು ನಿಲ್ಲಿಸುವರು. ಇದನ್ನು ಕಂಡು ಕೇಳಿದ ನಮ್ಮ ತರುಣರಿಗೂ ಅಂಥ ಆಶೆ ಹುಟ್ಟುವದು ಸಹಜವೇ. ಅದರಲ್ಲಿಯೂ ಕೊಂಕಲ್ ಮೊದಲಾದ ಹಳ್ಳಿಗಳುಳ್ಳ ಶಹಾಪುರ, ಸುರಪುರಗಳ ಸೀಮೆಯವರಿಗೆ ಕೋವಿಯ ಮಾತು ಹೊಸದಲ್ಲ. ಆದುದರಿಂದ ಈ ಯಂತ್ರದ ಗುಟ್ಟೇನು, ನಮ್ಮ ನಾಡಿನಲ್ಲಿ ಅದರ ಕಥೆಯೇನು, ಈ ಹವ್ಯಾಸವನ್ನು ನಾವು ಹಿಡಿಯಬಹುದೆ ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿಚಾರಿಸುವೆವು.

ಚಕಮಕಿ ಪಿಸ್ತೂಲಿಗೆ ಮುಖ್ಯವಾಗಿ ಮೂರು ಅಂಗಗಳು: ನಳಿಗೆ, ಹಿಡಿ, ಕಿಡಿಯನ್ನು ಹುಟ್ಟಿಸುವ ಯಂತ್ರ. ಇಂಗ್ಲಿಷರು ಯಾವದೇ ವಸ್ತುವನ್ನು ‘ಪೂರ್ತಿಯಾಗಿ’ ಎಂದು ಹೇಳಬೇಕಾದಾಗ ‘ಲಾಕ್, ಸ್ಟಾಕ್ ಅಂಡ್ ಬ್ಯಾರಲ್’ ಎನ್ನುವದು ಈ ಮೂರು ಅಂಗಗಳಿಂದಲೇ ಬಂದ ಮಾತು. ಯಂತ್ರದ ಮೇಲೆ ಹಕ್ಕಿಯ ಕೊಕ್ಕಿನಂತೆ ಬಾಗಿದ ಒಂದು ತುಂಡಿರುವದು. ನಮ್ಮವರು ಇದನ್ನು ಕೋವಿಯ ಕುದುರೆ ಎಂದರೆ ಇಂಗ್ಲಿಷರು ಹುಂಜ ಎಂದರು. ಅದರ ಬಾಯಲ್ಲಿ ತೊಗಲಿನ ಚೂರಿನೊಳಗೆ ಕಲ್ಲನ್ನು ಕಚ್ಚಿಸಿರುವರು. ಎದುರಿಗೆ ಉಕ್ಕಿನ ಒಂದು ಫಲಕ. ಅದರ ಅಡಿಯಲ್ಲಿ ರಂಜಕದ ಪುಟ್ಟ ಬಟ್ಟಲು. ಬೆರಳಿನಿಂದ ಕೀಲನ್ನೆಳೆದೊಡನೆ ಒಳಗಿನ ಬಿಲ್ಲಿನ ಬಿಗಿತ ಬಿಚ್ಚಿ ಕುದುರೆಯು ಮುಂದಕ್ಕೆ ನೆಗೆಯುವದು. ಕಲ್ಲು ಉಕ್ಕನ್ನು ಕೆರೆಯುವದು. ಫಲಕವು ಹಿಂದಕ್ಕೆ ಮಗುಚಿ ಬಟ್ಟಲು ತೆರೆಯುವದು. ಕಿಡಿಗಳು ರಂಜಕದ ಮೇಲೆ ಉದುರಿ ಆ ಉರಿಯು ನಳಿಗೆಯ ಬದಿಯ ಸಣ್ಣ ರಂಧ್ರದಿಂದ ಒಳಗಿನ ಮದ್ದನ್ನು ಮುಟ್ಟುವದು. ಇಷ್ಟೆಲ್ಲ ನಡೆಯುವದು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ.

ಇಲ್ಲಿ ಒಂದು ವಿನೋದದ ಸಂಗತಿಯುಂಟು. ಕಿಡಿಯು ಕಲ್ಲಿನಿಂದ ಹಾರುವದೆಂದೇ ನಾವು ಬಗೆಯುವೆವು. ನಿಜವಾಗಿ ಉರಿಯುವದು ಕಲ್ಲಲ್ಲ, ಉಕ್ಕು. ಕಲ್ಲಿನ ಹರಿತವಾದ ಅಂಚು ಉಕ್ಕಿನ ಮೈಯಿಂದ ಅತಿ ಸೂಕ್ಷ್ಮವಾದ ಚಕ್ಕೆಗಳನ್ನು ಕೆತ್ತುವದು. ಆ ತಿಕ್ಕಾಟದ ಕಾವಿಗೆ ಚಕ್ಕೆಗಳು ಗಾಳಿಯಲ್ಲಿ ಹೊತ್ತಿಕೊಂಡು ಕಿಡಿಗಳಾಗುವವು. ಮೆತ್ತನೆಯ ಕಬ್ಬಿಣಕ್ಕೆ ಎಷ್ಟು ಹೊಡೆದರೂ ಕಿಡಿ ಬಾರದಿರುವದು ಇದರಿಂದಲೇ.

ಈ ಯಂತ್ರವನ್ನು ಸುಮಾರು 1610ರಲ್ಲಿ ಫ್ರಾನ್ಸ್ ದೇಶದ ಮಾರೆ ಲ ಬುರ್ಜ್ವಾ ಎಂಬ ಕುಶಲಿಯು ರೂಪಿಸಿದನೆಂದು ಸಾಮಾನ್ಯವಾಗಿ ಹೇಳುವರು. ಅದಕ್ಕೂ ಮೊದಲಿನದು ಬತ್ತಿಯ ಕೋವಿ. ಅದರಲ್ಲಿ ಹೊತ್ತಿಸಿದ ಬತ್ತಿಯನ್ನು ಸದಾ ಹಿಡಿದಿರಬೇಕು. ಮಳೆ ಬಂದರೆ ಅದು ಆರುವದು, ಕತ್ತಲಲ್ಲಿ ಅದರ ಕೆಂಡ ಶತ್ರುವಿಗೆ ಕಾಣುವದು. ಅಂಥ ಬತ್ತಿಯ ಆಯುಧವನ್ನು ಸೊಂಟದಲ್ಲಿ ಸಿಕ್ಕಿಸುವದಂತೂ ಆಗದ ಮಾತು. ಚಕಮಕಿಯು ಬಂದ ಮೇಲೆ ಪಿಸ್ತೂಲು ಎಲ್ಲರ ಸೊಂಟಕ್ಕೂ ಏರಿತು. ಕೊನೆಗೆ ಇದರ ಕಾಲವನ್ನು ಮುಗಿಸಿದವನು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸೈತ್. ಬಟ್ಟಲಿನ ಹೊಳಪನ್ನು ಕಂಡೊಡನೆ ಹಕ್ಕಿಗಳು ಗುಂಡಿಗಿಂತ ಮೊದಲೇ ಹಾರಿಹೋಗುತ್ತಿದ್ದುದರಿಂದ ಬೇಸತ್ತು, ಪೆಟ್ಟಿನಿಂದಲೇ ಸಿಡಿಯುವ ಮದ್ದಿನ ಉಪಾಯವನ್ನು ಕಂಡುಹಿಡಿದು 1807ರಲ್ಲಿ ಅವನು ಅದರ ಹಕ್ಕುಪತ್ರವನ್ನು ಪಡೆದನು.

ಈಗ ಬಿಡಿಭಾಗಗಳ ಮಾತಿಗೆ ಬರೋಣ. ಹಳೆಯ ಕಾಲದ ಒಂದು ಪಿಸ್ತೂಲಿನ ಕುದುರೆಯನ್ನು ಮತ್ತೊಂದಕ್ಕೆ ಹಾಕುವೆನೆಂದರೆ ಅದು ಕೂಡುವದಿಲ್ಲ. ಪ್ರತಿಯೊಂದು ಕೀಲನ್ನೂ ಕುಶಲಿಯು ತನ್ನ ಕಣ್ಣಳತೆಯಿಂದ ಅರ ಹಾಕಿ, ಅದರ ನೆರೆಯ ಕೀಲಿಗೆ ಮಾತ್ರ ಹೊಂದುವಂತೆ ಮಾಡಿರುತ್ತಿದ್ದನು. ಒಂದೇ ಮನೆಯ ಎರಡು ಬಾಗಿಲುಗಳಿಗೆ ಬಡಿಗನು ಬೇರೆ ಬೇರೆಯಾಗಿ ಅಗುಳಿಯನ್ನು ಕೂಡಿಸಿದಂತೆ. ಫ್ರಾನ್ಸಿನ ಓನೊರೆ ಬ್ಲಾಂಕ್ ಎಂಬವನು ಎಲ್ಲ ಭಾಗಗಳನ್ನೂ ಒಂದೇ ಅಳತೆಯಲ್ಲಿ ಮಾಡಿಸಿ, ಐವತ್ತು ಚಕಮಕಿ ಯಂತ್ರಗಳ ಭಾಗಗಳನ್ನು ಬಿಚ್ಚಿ ವಿಂಗಡಿಸಿ ಮುಂದಿಟ್ಟನು. ಆಗ ಅಮೇರಿಕೆಯ ರಾಯಭಾರಿಯಾಗಿದ್ದ, ಮುಂದೆ ಆ ದೇಶದ ಅಧ್ಯಕ್ಷನಾದ ಥಾಮಸ್ ಜೆಫರ್ಸನನು ಕೈಗೆ ಬಂದ ಭಾಗಗಳನ್ನೆತ್ತಿ ತಾನೇ ಕೆಲವನ್ನು ಜೋಡಿಸಿ ನೋಡಿ, ಅವು ಸರಿಯಾಗಿ ಕೂಡಿದವೆಂದು 1785ರಲ್ಲಿ ತನ್ನ ದೇಶಕ್ಕೆ ಬರೆದನು. ಇಂದು ನಮ್ಮ ಹೊಲಿಗೆಯಂತ್ರಕ್ಕೂ ಸೈಕಲ್ಲಿಗೂ ಅಂಗಡಿಯಲ್ಲಿ ಬಿಡಿಭಾಗ ಸಿಕ್ಕುವದರ ಮೂಲಗಳಲ್ಲಿ ಈ ಚಕಮಕಿಯ ಕೋವಿಯೂ ಒಂದು.

ನಮ್ಮ ನಾಡಿನ ಕಥೆಯು ಇದಕ್ಕಿಂತ ಕಡಿಮೆಯದಲ್ಲ. ಕೃಷ್ಣಾ ಭೀಮೆಯರ ನಡುವಣ ಸುರಪುರದ ಬೇಡರು ಗುರಿಕಾರರೆಂದು ದಖ್ಖಣದಲ್ಲೆಲ್ಲ ಹೆಸರಾಗಿದ್ದರು. 1705ರಲ್ಲಿ ಮುದುಕನಾದ ಔರಂಗಜೇಬನು ತಾನೇ ದಂಡು ಕಟ್ಟಿಕೊಂಡು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಿದನು. ಪಿಡ್ಡನಾಯಕನ ಕಡೆಯವರು ಫೆಬ್ರುವರಿಯಿಂದ ಏಪ್ರಿಲಿನ ವರೆಗೆ ಬಾದಶಹನ ಸೈನ್ಯವನ್ನು ತಡೆದು, ಕೊನೆಗೆ ರಾತ್ರಿಯಲ್ಲಿ ಜಾರಿಹೋಗಿ ಬರಿದಾದ ಕೋಟೆಯನ್ನು ಅವನಿಗೆ ಬಿಟ್ಟರು. ಆಲಮಗೀರನು ತಾನೇ ನಡೆಸಿದ ಕೊನೆಯ ಮುತ್ತಿಗೆ ಅದು. ಇತ್ತ ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನ ಕುಶಲಿಗಳು ಹುಲಿಯ ಪಟ್ಟೆಗಳಿಂದ ಅಲಂಕರಿಸಿದ ಚಕಮಕಿ ಕೋವಿ ಪಿಸ್ತೂಲುಗಳನ್ನು ಮಾಡಿದರು. ಅವುಗಳಲ್ಲಿ ಕೆಲವು ಜೋಡಿಗಳಿಗೆ ಒಂದಕ್ಕೆ ಬಲಗಡೆ, ಒಂದಕ್ಕೆ ಎಡಗಡೆ ಯಂತ್ರ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಕಡಲನ್ನು ದಾಟಿ ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದವು.

ಮುಂದೆ 1857ರಲ್ಲಿ ಆಯುಧಗಳನ್ನು ಸರಕಾರಕ್ಕೆ ತೋರಿಸಿ ಪರವಾನಿಗೆ ಪಡೆಯಬೇಕೆಂಬ ಕಾಯಿದೆ ಬಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಹತಾರವೆಂದರೆ ಅವರಿಗೆ ಬೇಟೆಯ ಸಾಧನ ಮಾತ್ರವಲ್ಲ, ಮಾನವೂ ಆಗಿದ್ದಿತು. ಊರನ್ನು ಸುಟ್ಟರು, ಆ ವರ್ಷದ ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಅನೇಕರನ್ನು ಗಲ್ಲಿಗೇರಿಸಿದರು. ಅವರ ನೆನಪು ಲಾವಣಿಯಲ್ಲಿ ಉಳಿದಿದೆ. ಮರುವರ್ಷ ಸುರಪುರದ ರಾಜಾ ವೆಂಕಟಪ್ಪನಾಯಕನು ಕಂಪನಿಯ ವಿರುದ್ಧ ಎದ್ದು ಸೆರೆಸಿಕ್ಕಿದನು. ಹೈದರಾಬಾದಿನಿಂದ ಸೆರೆಗೆ ಸಾಗಿಸುವಾಗ ಅಂಬರಪೇಟೆಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಮಡಿದನು. ತಾನೇ ಹಾರಿಸಿಕೊಂಡನೆಂಬುದು ಆಂಗ್ಲರ ವರದಿ. ಬಾಲ್ಯದಲ್ಲಿ ಅವನನ್ನು ಸಾಕಿ ಸಲಹಿ, ಅವನಿಂದ ‘ಅಪ್ಪಾ’ ಎಂದು ಕರೆಯಿಸಿಕೊಂಡ ಮೆಡೋಸ್ ಟೇಲರ್ ಸಾಹೇಬನು ತನ್ನ ಆತ್ಮಚರಿತ್ರೆಯಲ್ಲಿ ಈ ದುಃಖವನ್ನು ಬರೆದಿಟ್ಟಿರುವನು.

ಹೀಗೆ ಆಯುಧದ ಕಾಯಿದೆಯು ನಮ್ಮಲ್ಲಿ ರಕ್ತದಿಂದ ಆರಂಭವಾಯಿತು. ಆದರೆ ಇಂದಿನ ಕಾಯಿದೆಯು ಪರಕೀಯರದಲ್ಲ. ಸ್ವತಂತ್ರ ಭಾರತದ ಸಂಸತ್ತು 1959ರಲ್ಲಿ ಮಾಡಿದುದು. ಅದರ ಮೇರೆಗೆ ಕೋವಿಯಂತೆಯೇ ಅದರ ಭಾಗಗಳೂ ಆಯುಧವೇ. ಪರವಾನಿಗೆಯಿಲ್ಲದೆ ಅದನ್ನು ತಯಾರಿಸುವದಾಗಲಿ, ಆಟದ ಪಿಸ್ತೂಲನ್ನು ಗುಂಡು ಹಾರುವಂತೆ ಮಾರ್ಪಡಿಸುವದಾಗಲಿ ಅಪರಾಧ. 2019ರ ತಿದ್ದುಪಡಿಯ ತರುವಾಯ ಅಕ್ರಮ ತಯಾರಿಕೆಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಆಜೀವದ ವರೆಗೂ ಹೋಗಬಹುದಾದ ಸೆರೆಯುಂಟು. ‘ಇದು ಹಳೆಯ ಕಾಲದ್ದು, ವಿನೋದಕ್ಕೆ ಮಾಡಿದೆ’ ಎಂಬ ಉತ್ತರವು ನ್ಯಾಯಾಸನದ ಮುಂದೆ ನಿಲ್ಲದು. ಕೂಡಿಸಿದ ಚಕಮಕಿಯು ಕಿಡಿ ಹಾರಿಸಿ ಗುಂಡನ್ನು ಕಳಿಸುವದಾದರೆ ಅದು ಕೊಲ್ಲುವ ಆಯುಧವೇ ಸರಿ. ಅಮೇರಿಕೆಯ 1968ರ ಕಾಯಿದೆಯು ಇಂಥ ಹಳೆಯ ಮಾದರಿಗಳನ್ನು ಹೊರತುಪಡಿಸಿರುವದರಿಂದ ಅಲ್ಲಿಯವರ ಹವ್ಯಾಸವನ್ನು ಇಲ್ಲಿ ಹಾಗೆಯೇ ಅನುಕರಿಸಲು ಬಾರದು.

ಆದರೂ ಕಾಯಿದೆಯು ಕುತೂಹಲದ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಅದರ 45ನೆಯ ಕಲಮು, ದುರಸ್ತಿ ಮಾಡಿದರೂ ಹಾರಿಸಲು ಬಾರದ ಹಳೆಯ ಆಯುಧವನ್ನೂ, ಇತರ ಭಾಗಗಳೊಡನೆ ಕೂಡಿಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳನ್ನೂ ಹೊರತುಪಡಿಸಿದೆ. ಉದ್ದೇಶವಿಲ್ಲದ ಎಂಬ ಮಾತನ್ನು ತರುಣರು ಎರಡು ಸಲ ಓದಬೇಕು. ಗೋಡೆಯ ಮೇಲೆ ತೂಗುಹಾಕಿದ ಒಂಟಿ ಕುದುರೆಯು ಅಲಂಕಾರ. ಅದನ್ನೇ ನಳಿಗೆಗೆ ಕೂಡಿಸಹೊರಟರೆ ಅಪರಾಧದ ಮೊದಲ ಹೆಜ್ಜೆ. ಕೈಗೆ ಕೆಲಸ ಬೇಕೆನ್ನುವವರು ಕಟ್ಟಿಗೆಯಲ್ಲಿ ದೊಡ್ಡ ಅಳತೆಯ ಮಾದರಿಯನ್ನು, ನಳಿಗೆಗೆ ಬದಲಾಗಿ ಗಟ್ಟಿ ಕೋಲನ್ನಿಟ್ಟು ಮಾಡಲಿ. ಕುದುರೆಯು ಹೇಗೆ ನೆಗೆಯುವದು, ಫಲಕವು ಹೇಗೆ ಮಗುಚುವದು ಎಂಬುದನ್ನು ಶಾಲೆಯ ಮಕ್ಕಳಿಗೆ ತೋರಿಸಲು ಅದು ಬೇಕಾದಷ್ಟಾಯಿತು.

ಇನ್ನು ಮನೆಯ ಹಿರಿಯರಿಗೆ ಒಂದು ಮಾತು. ಮಹಾನವಮಿಯ ಆಯುಧಪೂಜೆಗಾಗಿ ಅಟ್ಟದಿಂದ ಹಳೆಯ ಕೋವಿ ಇಳಿಯುವ ಮನೆಗಳು ಇನ್ನೂ ಇವೆ. ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗಳು ಎಷ್ಟೋ ಸಲ ತುಂಬಿದಂತೆಯೇ ಉಳಿದಿರುವವು. ತಲೆಮಾರುಗಳು ಕಳೆದರೂ ಒಣಗಿದ ಮದ್ದು ತನ್ನ ಗುಣವನ್ನು ಮರೆಯದು. ಆದುದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು, ಯಾರತ್ತಲೂ ತಿರುಗಿಸಬಾರದು, ಬೆಂಕಿಯ ಬಳಿ ಇಡಬಾರದು, ಬಿಚ್ಚಿ ನೋಡುವ ಸಾಹಸವನ್ನೂ ಮಾಡಬಾರದು. ಠಾಣೆಗೆ ತಿಳಿಸಿ ಬಲ್ಲವರಿಂದ ಪರೀಕ್ಷಿಸಿ, ಪರವಾನಿಗೆ ಬೇಕೇ ಬೇಡವೇ ಎಂಬುದನ್ನು ಬರೆವಣಿಗೆಯಲ್ಲಿ ಪಡೆಯುವದು ಲೇಸು. ಕೊಡಗಿನವರಿಗೆ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ ಸಂಪ್ರದಾಯವಿದ್ದು, ಪರವಾನಿಗೆಯಿಂದ ಅವರಿಗಿರುವ ವಿನಾಯಿತಿಯನ್ನು ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿದೆ. ಅದನ್ನು ಉಳಿದ ಸೀಮೆಗಳವರು ತಮಗೂ ಉಂಟೆಂದು ತಿಳಿಯಬಾರದು.

ಹಳೆಯ ಪಿಸ್ತೂಲನ್ನು ಬಿಚ್ಚಿ ಬೇರೊಂದಕ್ಕೆ ಭಾಗಗಳನ್ನು ಕೂಡಿಸಿದರೆ ಎರಡೂ ತಮ್ಮ ಚರಿತ್ರೆಯನ್ನು ಕಳೆದುಕೊಳ್ಳುವವು. ಅರದ ಪ್ರತಿಯೊಂದು ಗೀರಿನಲ್ಲಿಯೂ ಹೆಸರಿಲ್ಲದ ಒಬ್ಬ ಕಮ್ಮಾರನ ಕೈಯ ಗುರುತಿದೆ. ಆ ಗುರುತನ್ನು ಓದಲು ಕಲಿಯುವದು ಹಾರಿಸಲು ಕಲಿಯುವದಕ್ಕಿಂತ ಹಿರಿದಾದ ವಿದ್ಯೆಯೆಂದು ನಾವು ತಿಳಿಯುವೆವು.