ಟೆಂಟ್ ಕೊಳ್ಳುವ ಮುನ್ನ ಅವ್ವನ ಮೊಣಕಾಲು ನೋಡಿ

ಮೊದಲ ಟೆಂಟಿನ ಚೀಲದ ಮೇಲೆ ‘4 ಜನರಿಗೆ’ ಅಂತ ಬರೆದಿತ್ತು. ಮನೆಯಲ್ಲಿ ನಾವು ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಐದು ವರ್ಷದ ಮಗಳು. ಮಗು ನಡುವೆ ಎಲ್ಲಾದರೂ ಮಲಗುತ್ತೆ, ಲೆಕ್ಕ ಸರಿಹೋಗುತ್ತೆ ಅಂದುಕೊಂಡು ಬೆಂಗಳೂರಿನಲ್ಲಿ ಕೂತು ಆರ್ಡರ್ ಮಾಡಿದೆ. ಎರಡು ಸಾವಿರದ ಎಂಟುನೂರು ರೂಪಾಯಿ. ನೂರಾರು ರಿವ್ಯೂ, ನಾಲ್ಕೂವರೆ ಸ್ಟಾರ್. ರಿವ್ಯೂ ಬರೆದವರ ಫೋಟೊಗಳಲ್ಲಿ ಇದ್ದವರೆಲ್ಲ ನನ್ನ ವಯಸ್ಸಿನವರೇ ಅನ್ನೋದು ಆಗ ಕಣ್ಣಿಗೆ ಬೀಳಲಿಲ್ಲ.

ನಮ್ಮೂರು ತೇರದಾಳ. ನಮ್ಮ ಕಡೆ ‘ಕ್ಯಾಂಪಿಂಗ್’ ಅನ್ನೋ ಶಬ್ದ ಹೊಸದು, ಕೆಲಸ ಹಳೇದು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುತ್ತಿದ್ದರು, ಈಗ ಟ್ರ್ಯಾಕ್ಟರ್. ಟ್ರ್ಯಾಲಿ ಮೇಲೆ ಗಳ ಬಗ್ಗಿಸಿ ಕಟ್ಟಿ, ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಸುಮಾರು ನೂರು ಕಿಲೋಮೀಟರ್ ದಾರಿ. ಜೋಗುಳಬಾವಿಯಲ್ಲಿ ಸ್ನಾನ, ಬಯಲಲ್ಲೇ ಮೂರು ಕಲ್ಲಿಟ್ಟು ಹೋಳಿಗೆ, ಪರಡಿ ತುಂಬೋದು, ರಾತ್ರಿ ಅಲ್ಲೇ ವಸ್ತಿ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯೂ ಹೀಗೇ. ದಾಂಡೇಲಿ ರೆಸಾರ್ಟಿನಲ್ಲಿ ಒಂದು ರಾತ್ರಿ ಟೆಂಟಿಗೆ ದುಡ್ಡು ಕೊಟ್ಟು ಸ್ಟೇಟಸ್ ಹಾಕೋ ನಮ್ಮ ಆಫೀಸಿನವರಿಗೆ ಇದನ್ನ ಹೇಳಿದರೆ ನಂಬಲ್ಲ.

ಅವ್ವ ಲಗ್ನವಾಗಿ ಬಂದ ವರ್ಷದಿಂದ ಒಂದೂ ಬಿಡದೆ ಗುಡ್ಡಕ್ಕೆ ಹೋದವಳು. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಟ್ರ್ಯಾಲಿ ಹತ್ತೋದು, ನೆಲಕ್ಕೆ ಮಲಗೋದು ಆಗದೆ ನಿಲ್ಲಿಸಿದಳು. ‘ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ’ ಅನ್ನೋಳು. ಟೆಂಟ್ ಅಂದ್ರೆ ನೆಲದ ಮೇಲೇ ಇರುತ್ತಲ್ಲ, ಹತ್ತೋದೇ ಬೇಡ, ಅವ್ವನ್ನ ಕಾರಲ್ಲಿ ಕರ್ಕೊಂಡು ಹೋಗಿಬಿಡೋಣ ಅನ್ನೋದು ನನ್ನ ಪ್ಲಾನು.

ಗುಡ್ಡದಲ್ಲಿ ಟೆಂಟ್ ಹತ್ತು ನಿಮಿಷದಲ್ಲಿ ನಿಂತಿತು. ಕಾಕಾನ ಮಕ್ಕಳೆಲ್ಲ ಸುತ್ತ ನಿಂತು ವಿಡಿಯೊ ಮಾಡಿದರು. ನಡುವೆ ನಾಲ್ಕಡಿ ಎತ್ತರ, ಗುಮ್ಮಟದ ಆಕಾರ, ಬಾಗಿಲು ಅಂದ್ರೆ ಅರ್ಧಚಂದ್ರದ ಒಂದು ಜಿಪ್ಪು. ಅವ್ವ ಹೊರಗೇ ನೆಲಕ್ಕೆ ಕೂತು, ಕೈ ಊರಿ ಸರಕೊಂತ ಒಳಗೆ ಹೋದಳು. ‘ಚಲೋ ಐತಿ ಬಿಡಪಾ’ ಅಂದಳು.

ಬೆಳಗ್ಗೆ ಎದ್ದು ನೋಡಿದರೆ ಅವ್ವ ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ‘ನಿದ್ದಿ ಬರಲಿಲ್ಲೋ, ಚಂದ್ರನ್ನ ನೋಡ್ಕೋತ ಕುಂತೆ.’ ಹುಣ್ಣಿಮೆ ಅಲ್ವಾ, ನಾನು ನಂಬಿದೆ.

ಊರಿಗೆ ವಾಪಸ್ ಬಂದ ಮೇಲೆ ಹೆಂಡತಿ ಹೇಳಿದಳು: ‘ರೀ, ಅತ್ತಿ ನಡುರಾತ್ರಿ ಒಂದಕ್ಕೆ ಎದ್ದಿದ್ರು. ಹೊರಗ ಬರಾಕ ಆಗಲಿಲ್ಲ. ಮಂಡಿ ಊರಿದ್ರ ಜೀವ ಹೋಗತೈತಿ ಅಂತ ಅತ್ರು. ನಾನ ಎರಡೂ ಕೈ ಹಿಡದ ಎಳದೆ. ಬಾಜೂ ಟ್ರ್ಯಾಲಿ ಮಂದಿ ಎಚ್ಚರ ಇದ್ರು, ನೋಡಿದ್ರು. ಆಮ್ಯಾಲ ಒಳಗ ಹೋಗಲಿಲ್ಲ. ಮರುದಿನ ಸಂಜಿಯಿಂದ ನೀರೂ ಕುಡಿಲಿಲ್ಲ.’

ಎರಡು ರಾತ್ರಿ. ಒಂದು ರಾತ್ರಿ ಕುರ್ಚಿ ಮೇಲೆ, ಇನ್ನೊಂದು ಬಾಯಾರಿಕೆಯಲ್ಲಿ. ನಾನು ಪಕ್ಕದಲ್ಲೇ ಗೊರಕೆ ಹೊಡೀತಿದ್ದೆ.

ಚೀಲದ ಮೇಲಿನ ಅಂಕಿ

ಆಮೇಲೆ ಕೂತು ಲೆಕ್ಕ ಹಾಕಿದೆ. ನಾಲ್ಕು ಜನರ ಟೆಂಟ್ ಅಂತ ಮಾರೋದು ಸಾಮಾನ್ಯವಾಗಿ 8 ಅಡಿಗೆ 7 ಅಡಿ. ಅಂದ್ರೆ ಒಬ್ಬರಿಗೆ ಎರಡಡಿ ಅಗಲ, ಹೆಚ್ಚುಕಡಿಮೆ ರೈಲಿನ ಸ್ಲೀಪರ್ ಬರ್ತ್‌ನಷ್ಟು. ಚೀಲ, ಚಪ್ಪಲಿ, ನೀರಿನ ಕ್ಯಾನು, ಮಗುವಿನ ಹೊರಳಾಟ ಯಾವುದೂ ಆ ಲೆಕ್ಕದಲ್ಲಿಲ್ಲ. ಜೊತೆಗೆ ಗುಮ್ಮಟದ ಟೆಂಟಿನಲ್ಲಿ ಗೋಡೆ ಒಳಕ್ಕೆ ಬಾಗಿರೋದರಿಂದ ಅಂಚಿನ ಒಂದೊಂದು ಅಡಿ ಹೆಸರಿಗೆ ಮಾತ್ರ. ಅಲ್ಲಿ ಮಲಗಿದವರ ಮುಖಕ್ಕೆ ಬಟ್ಟೆ ತಾಗುತ್ತೆ. ಮನೆಮಂದಿ ಎಷ್ಟೋ ಅದಕ್ಕೆ ಎರಡು ಕೂಡಿಸಿ ಕೊಳ್ಳಿ. ನಾವು ಐದು ಜನರಿಗೆ ಏಳು ಸಿಗದೆ ಆರರದ್ದು ತಗೊಂಡ್ವಿ, ಮಗು ಇನ್ನೂ ಚಿಕ್ಕದು ಅಂತ. ಇನ್ನು ಮೂರು ವರ್ಷಕ್ಕೆ ಅದೂ ಸಾಲಲ್ಲ.

ಆದರೆ ಜನರ ಅಂಕಿಗಿಂತ ಮೊದಲು ನೋಡಬೇಕಾದ್ದು ಬಾಗಿಲು. ನಿಮ್ಮ ಮನೆಯಲ್ಲಿ ಬಗ್ಗೋಕೆ ಎಲ್ಲರಿಗಿಂತ ಕಷ್ಟ ಯಾರಿಗೆ? ಅವರು ನಿಂತುಕೊಂಡು ಒಳಗೆ ಹೋಗಬೇಕು, ನಿಂತುಕೊಂಡು ಸೀರೆ ಸರಿ ಮಾಡ್ಕೋಬೇಕು. ಅಂದ್ರೆ ನಡುವಿನ ಎತ್ತರ ಕನಿಷ್ಠ 6 ಅಡಿ, ಬಾಗಿಲ ಎತ್ತರ ಐದಡಿಗೆ ಹತ್ತಿರ. ಟೆಂಟಿನ ಎತ್ತರವನ್ನು ಎಲ್ಲರೂ ಬರೀತಾರೆ, ಬಾಗಿಲಿನದ್ದು ಬರೆಯೋದೇ ಕಮ್ಮಿ. ಪ್ರಶ್ನೋತ್ತರದಲ್ಲಿ ಕೇಳಿ ತಿಳ್ಕೊಳ್ಳಿ. ಬಾಗಿಲ ಕೆಳಗಿನ ಅಂಚನ್ನೂ ನೋಡಿ. ನೀರು ಬರಬಾರದು ಅಂತ ನೆಲದ ಬಟ್ಟೆಯನ್ನು ನಾಲ್ಕಾರು ಇಂಚು ಮೇಲಕ್ಕೆ ಎತ್ತಿ ಹೊಲೆದಿರ್ತಾರೆ. ಮಳೆಗೆ ಒಳ್ಳೇದು, ಕತ್ತಲಲ್ಲಿ ಕಾಲಿಗೆ ಕೆಟ್ಟದ್ದು. ನಾವು ಆ ಅಂಚಿಗೆ ಬಿಳಿ ಟೇಪ್ ಅಂಟಿಸಿದ್ದೀವಿ.

ಎರಡನೆಯದು ಗೋಡೆ. ಮನೆಯ ಹಾಗೆ ಗೋಡೆ ನೇರವಾಗಿ ನಿಲ್ಲೋ ಟೆಂಟೇ ಆಗಬೇಕು, ಯಾಕಂದ್ರೆ ಮಡಚೋ ಕಾಟ್ ಹಾಕೋಕೆ ಬರುತ್ತೆ. ನೆಲದಿಂದ ಒಂದೂಕಾಲು ಅಡಿ ಎತ್ತರದ ಕಾಟ್ ಇದ್ದರೆ ಮೊಣಕಾಲು ನೋವಿದ್ದವರು ಕುರ್ಚಿಯಿಂದ ಎದ್ದ ಹಾಗೆ ಎದ್ದೇಳಬಹುದು. ಅವ್ವ ಅದನ್ನ ಹೊರಸು ಅಂತಲೇ ಕರೀತಾಳೆ. ಅದರ ಮೇಲೆ ಎರಡು ಕೌದಿ ಹಾಸೋದು ಕಡ್ಡಾಯ, ಕೆಳಗಿಂದ ಗಾಳಿ ಆಡೋದರಿಂದ ಬರೀ ಕಾಟ್ ನೆಲಕ್ಕಿಂತ ಥಂಡಿ ಹೊಡೆಯುತ್ತೆ.

ಇಷ್ಟೆಲ್ಲ ಸೇರಿ ಎರಡನೇ ಟೆಂಟು 10 ಅಡಿಗೆ 9 ಅಡಿ, ಹನ್ನೊಂದು ಕಿಲೋ ತೂಕ, ಹನ್ನೊಂದೂವರೆ ಸಾವಿರ. ಹೊತ್ತುಕೊಂಡು ಬೆಟ್ಟ ಹತ್ತೋರಿಗೆ ಇದು ಹುಚ್ಚುತನ. ಕಾರಿನ ಬಾಜೂಕೇ ಹೊಡೆಯೋರಿಗೆ ತೂಕದ ಚಿಂತೆ ಯಾಕೆ?

ಈ ಸಲ ನೇರ ಗುಡ್ಡಕ್ಕೆ ಒಯ್ಯಲಿಲ್ಲ. ಹೊಲದ ಕಣದಲ್ಲಿ ಹೊಡೆದೆ. ಅವ್ವನ್ನ ಕರೆದು ಒಳಗೆ ಹೋಗು, ಮಲಗು, ಏಳು, ಹೊರಗೆ ಬಾ ಅಂದೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಯೂಸರ್ ಟೆಸ್ಟಿಂಗ್ ಅಂತಾರೆ, ಅದನ್ನ ಮಾಡದೆ ಒಂದು ಬಟನ್ನೂ ಬಿಡುಗಡೆ ಮಾಡಲ್ಲ. ಅವ್ವನ ವಿಷಯದಲ್ಲಿ ಮಾತ್ರ ಮಾಡಿರಲಿಲ್ಲ. ಮೂರನೇ ಸಲ ಹೊರಗೆ ಬಂದಾಗ ಅವ್ವ, ‘ಈ ಜಿಪ್ಪ ಕೆಳಗ ಐತಿ, ಬಗ್ಗಬೇಕಾಗತೈತಿ’ ಅಂದಳು. ಜಿಪ್ಪಿನ ಹಿಡಿಗೆ ಒಂದು ಮೊಳ ಲಾಡಿ ಕಟ್ಟಿದೆವು. ಈಗ ನಿಂತೇ ಎಳೀಬಹುದು. ಈ ಲಾಡಿ ಯಾವ ಕಂಪನಿಯೂ ಕೊಡಲ್ಲ, ಖರ್ಚು ಐದು ರೂಪಾಯಿ.

ಗೂಟ, ಗಾಳಿ, ಇಬ್ಬನಿ

ಎತ್ತರದ ಟೆಂಟಿಗೆ ಒಂದು ಶಾಪ ಇದೆ, ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಟೆಂಟಿನ ಮೇಲೆ ಬೀಳೋ ಒತ್ತಡ ನಾಲ್ಕು ಪಟ್ಟಾಗುತ್ತೆ. ಗುಮ್ಮಟದ ಮೇಲೆ ಗಾಳಿ ಜಾರಿಹೋಗುತ್ತೆ, ನೇರ ಗೋಡೆಗೆ ಗುದ್ದುತ್ತೆ. ಹಾಗಾಗಿ ನಾಲ್ಕು ಮೂಲೆಯಿಂದ ಹೊರಗೆ ಎಳೆಯೋ ಹಗ್ಗಗಳನ್ನ ‘ಇರಲಿ ಬಿಡು, ಈಗ ಗಾಳಿ ಇಲ್ಲ’ ಅಂತ ಚೀಲದಲ್ಲೇ ಬಿಡಬೇಡಿ. ಗಾಳಿ ಬಂದ ಮೇಲೆ ಕತ್ತಲಲ್ಲಿ ಕಟ್ಟೋಕೆ ಆಗಲ್ಲ.

ಟೆಂಟಿನ ಜೊತೆ ಬರೋ ಗೂಟಗಳು ಪೆನ್ಸಿಲ್ ದಪ್ಪವೂ ಇರಲ್ಲ. ನಮ್ಮ ಎರೆ ಹೊಲದಲ್ಲಿ ಬಿರುಕಿಗೆ ಬಿದ್ದರೆ ಕೈಯಲ್ಲೇ ಕಿತ್ತುಬರುತ್ತೆ, ಗುಡ್ಡದ ಕಲ್ಲುನೆಲದಲ್ಲಿ ಎರಡೇ ಏಟಿಗೆ ಬಾಗುತ್ತೆ. ಕಾಕಾ ಇದನ್ನ ನೋಡಿ ನಕ್ಕು, ‘ಇವು ಗೂಟ ಅಲ್ಲೋ ತಮ್ಮಾ, ಹಲ್ಲಕಡ್ಡಿ’ ಅಂದ್ರು. ಊರ ಕಂಬಾರರ ಹತ್ತಿರ ಕಬ್ಬಿಣದ ಸಳಿಯನ್ನ ಒಂದಡಿ ಉದ್ದ ಕತ್ತರಿಸಿ, ತುದಿ ಚೂಪು ಮಾಡಿ, ತಲೆ ಬಗ್ಗಿಸಿ ಹನ್ನೆರಡು ಗೂಟ ಮಾಡಿಸಿಕೊಟ್ಟರು. ಗೂಟವನ್ನ ನೆಟ್ಟಗೆ ಹೊಡೀಬೇಡಿ, ತಲೆ ಟೆಂಟಿನಿಂದ ಆಚೆಗೆ ಓರೆಯಾಗಿರಲಿ, ಹಗ್ಗ ಜಗ್ಗಿದಷ್ಟೂ ಬಿಗಿ ಹಿಡಿಯುತ್ತೆ. ಗೂಟವೇ ಇಳಿಯದ ಕಡೆ ಹಗ್ಗವನ್ನ ಕೈಗಾತ್ರದ ಕಲ್ಲಿಗೆ ಸುತ್ತಿ, ಅದರ ಮುಂದೆ ಒಂದು ದೊಡ್ಡ ಕಲ್ಲು ಒರಗಿಸಿ. ಅದಕ್ಕಿಂತ ಸುಲಭ, ಕಾಕಾನ ಟ್ರ್ಯಾಲಿ ಗಾಲಿಗೆ ಕಟ್ಟೋದು. ಹೊರಡುವಾಗ ಬಿಚ್ಚೋದು ಮರೀಬೇಡಿ ಅಷ್ಟೆ.

ಬನದ ಹುಣ್ಣಿಮೆ ಜನವರಿ ಸುಮಾರಿಗೆ ಬರುತ್ತೆ, ಮಳೆಯ ಭಯ ಇಲ್ಲ. ಆದ್ರೂ ಬೆಳಗ್ಗೆ ಒಳಗೆಲ್ಲ ಹನಿ. ಮಗಳು ‘ಅಪ್ಪಾ, ಟೆಂಟ್ ಸೋರಾಕತ್ತೈತಿ’ ಅಂತ ಎಬ್ಬಿಸಿದಳು. ಸೋರಿದ್ದಲ್ಲ. ಒಬ್ಬ ಮನುಷ್ಯ ರಾತ್ರಿಯಿಡೀ ಉಸಿರು, ಬೆವರಿನಲ್ಲಿ ಹೆಚ್ಚುಕಡಿಮೆ ಒಂದು ಲೋಟ ನೀರು ಹೊರಹಾಕ್ತಾನೆ. ಐದು ಜನ, ಐದು ಲೋಟ. ಹೊರಗಿನ ಥಂಡಿಗೆ ತಣ್ಣಗಾದ ಬಟ್ಟೆಗೆ ಆ ಆವಿ ತಾಗಿ ನೀರಾಗುತ್ತೆ. ಥಂಡಿ ಅಂತ ಎಲ್ಲ ಕಿಟಕಿ ಮುಚ್ಚಿದ್ದೇ ನಮ್ಮ ತಪ್ಪು. ಎದುರುಬದುರಿನ ಎರಡು ಕಿಟಕಿಯ ಮೇಲ್ಭಾಗ ನಾಲ್ಕು ಬೆರಳು ತೆರೆದಿಟ್ಟ ಮೇಲೆ ಹನಿ ಎಷ್ಟೋ ಕಮ್ಮಿಯಾಯಿತು. ಕೊಳ್ಳುವಾಗ ಬಟ್ಟೆ ಎರಡು ಪದರ ಇದೆಯಾ ನೋಡಿ, ಒಳಗೆ ಜಾಳಿಗೆ, ಹೊರಗೆ ಹೊದಿಕೆ. ಹನಿ ಹೊರಪದರದ ಮೇಲೇ ಇಳಿದುಹೋಗುತ್ತೆ.

ಮಳೆಗಾಲದಲ್ಲಿ ಹೋಗೋರಿಗೆ ‘ವಾಟರ್‌ಪ್ರೂಫ್ 2000 ಎಂಎಂ’ ಅನ್ನೋ ಬರಹದ ಅರ್ಥ: ಆ ಬಟ್ಟೆ ಮೇಲೆ ಎರಡು ಮೀಟರ್ ನೀರು ನಿಲ್ಲಿಸಿದರೂ ಜಿನುಗಲ್ಲ. ನೆಲದ ಬಟ್ಟೆಗೆ ಇನ್ನೂ ಹೆಚ್ಚು ಬೇಕು, ನಮ್ಮ ಮೊಣಕೈ ಮೊಣಕಾಲಿನ ಒತ್ತಡ ಬೀಳೋದು ಅಲ್ಲೇ. ಹೊಲಿಗೆ ಮೇಲೆ ಟೇಪ್ ಇಲ್ಲದಿದ್ದರೆ ಈ ಅಂಕಿಗೆಲ್ಲ ಬೆಲೆ ಇಲ್ಲ, ನೀರು ಬರೋದೇ ಹೊಲಿಗೆಯಿಂದ. ಕೆಳಗೆ ತಾಡಪತ್ರಿ ಹಾಸೋದು ಒಳ್ಳೇದು, ಆದರೆ ಅದು ಟೆಂಟಿನ ಹೊರಗೆ ಒಂದು ಗೇಣೂ ಚಾಚಬಾರದು, ಚಾಚಿದರೆ ಮಳೆನೀರನ್ನ ಹಿಡಿದು ನಿಮ್ಮ ಹಾಸಿಗೆ ಕೆಳಗೇ ತಂದುಬಿಡುತ್ತೆ. ಎರೆ ನೆಲ ನೀರನ್ನ ಬೇಗ ಇಂಗಿಸಲ್ಲ, ತಗ್ಗಿನಲ್ಲಿ ಹೊಡೆಯಲೇಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಿರಿಯರ ಜೊತೆ ಜಗಳವಾಡಿದ್ದೇನೆ. ಥಂಡಿಗೆ ಅಂತ ಅಪ್ಪ ಇದ್ದಿಲಿನ ಶೆಗಡಿಯನ್ನ ಟೆಂಟಿನೊಳಗೆ ತರೋಕೆ ಹೊರಟರು. ಟ್ರ್ಯಾಲಿಯಲ್ಲಿ ಇಡ್ತಿದ್ವಲ್ಲ ಅನ್ನೋದು ಅವರ ವಾದ. ಟ್ರ್ಯಾಲಿಯ ತಾಡಪತ್ರಿ ಎರಡೂ ಕಡೆ ಬಾಯಿ ತೆರೆದಿರುತ್ತೆ, ಟೆಂಟು ಜಿಪ್ಪು ಹಾಕಿದ ಚೀಲ. ಇದ್ದಿಲಿನಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೂ ಆಗಲ್ಲ. ಅಪ್ಪ ಆವತ್ತು ಮಾತು ಬಿಟ್ಟರು. ಬಿಸಿನೀರು ತುಂಬಿದ ಸ್ಟೀಲ್ ಬಾಟ್ಲಿಗೆ ಟವೆಲ್ ಸುತ್ತಿ ಕಾಲಹತ್ತಿರ ಇಟ್ಟ ಮೇಲೆ ಬೆಳಗ್ಗೆ ಮಾತಾಡಿದರು.

ವಾಪಸ್ ಬಂದ ದಿನವೇ ಟೆಂಟನ್ನ ಮಾಳಗಿ ಮೇಲೆ ಹರವಿ ಒಣಗಿಸಿ. ಹಸಿಯಾಗಿ ಸುತ್ತಿಟ್ಟರೆ ಬೂಸ್ಟು ಹಿಡಿಯುತ್ತೆ, ಒಳಗಿನ ಲೇಪ ಅಂಟಂಟಾಗಿ ಸುಲಿಯುತ್ತೆ. ಬೇಸಿಗೆಯಲ್ಲಿ ಪತ್ರಾಸಿನ ಕೆಳಗೆ ಇಡಬೇಡಿ. ನನ್ನ ಮೊದಲ ಟೆಂಟ್ ಹಾಗೇ ಹಾಳಾಯ್ತು. ಅದರ ಬಗ್ಗೆ ಬೇಜಾರೇನಿಲ್ಲ.

ಈ ವರ್ಷ ಅವ್ವ ಗುಡ್ಡದಲ್ಲಿ ಮೂರು ರಾತ್ರಿ ಇದ್ದಳು. ರಾತ್ರಿ ಎರಡು ಗಂಟೆಗೆ ಜಿಪ್ಪಿನ ಸದ್ದಾಯಿತು. ಎದ್ದು ಟಾರ್ಚ್ ಹಿಡಿಯೋಣ ಅಂದ್ರೆ, ‘ನೀ ಮಲಕೋ, ನಾ ಹೊಕ್ಕೀನಿ’ ಅಂದು ಲಾಡಿ ಎಳೆದು ತಾನೇ ಹೊರಗೆ ಹೋದಳು, ತಾನೇ ಬಂದಳು, ತಂಬಿಗೆಯಿಂದ ನೀರು ಕುಡಿದು ಮಲಗಿದಳು. ಮರುದಿನ ಬಾಜೂ ಟ್ರ್ಯಾಲಿಯ ಇಬ್ಬರು ಅಜ್ಜಿಯರನ್ನ ಕರೆದು ಒಳಗೆ ಕೂರಿಸಿ ಚಹಾ ಕೊಟ್ಟಳು. ಮೂರೂ ಜನ ಹೊರಸಿನ ಒಂದೇ ತುದಿಗೆ ಕೂತದ್ದಕ್ಕೆ ಅದರ ಕಾಲು ಬಾಗಿದೆ. ಭರತ ಹುಣ್ಣಿಮೆಗೆ ಮತ್ತೆ ಬರೋಣ ಅಂದಿದ್ದಾಳೆ, ಅಷ್ಟರೊಳಗೆ ಕಂಬಾರರ ಹತ್ತಿರ ಒಯ್ದು ನೆಟ್ಟಗೆ ಮಾಡಿಸಬೇಕು.