ದೀಪ ಆರಿದರೂ ಕರೆಂಟ್ ಆರದು!

ಓದುವ ದೀಪ ಮೇಜಿನ ಮೇಲೆ, ಅದರ ಸ್ವಿಚ್ಚು ಮಾತ್ರ ದೂರದ ಗೋಡೆಯಲ್ಲಿ. ಓದು ಮುಗಿಸಿದ ಮಕ್ಕಳು ಕತ್ತಲಲ್ಲಿ ತಡಕಾಡುವುದು ಅನೇಕ ಮನೆಗಳಲ್ಲಿ ಇದ್ದದ್ದೇ. ದೀಪದ ವೈರಿನ ನಡುವೆಯೇ ಪುಟ್ಟ ಸ್ವಿಚ್ಚೊಂದನ್ನು ಕೂರಿಸಿದರೆ ಈ ತೊಂದರೆ ತಪ್ಪುತ್ತದೆ. ಕೆಲಸವೇನೋ ಚಿಕ್ಕದು. ಆದರೆ ಸ್ವಿಚ್ಚನ್ನು ಯಾವ ತಂತಿಗೆ ಹಾಕಬೇಕು?

ವೈರಿನೊಳಗೆ ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡು ತಂತಿಗಳಿರುತ್ತವೆ. ಯಾವುದನ್ನು ಕಡಿದರೂ ದೀಪ ಆರುತ್ತದೆ. ಅಪಾಯ ಅಡಗಿರುವುದು ಇಲ್ಲೇ. ಸ್ವಿಚ್ಚು ನ್ಯೂಟ್ರಲ್‌ನಲ್ಲಿದ್ದರೆ ದೀಪ ಆರಿದ ಮೇಲೂ 230 ವೋಲ್ಟ್ ವಿದ್ಯುತ್ತು ಹೋಲ್ಡರಿನವರೆಗೆ ಬಂದು ನಿಂತಿರುತ್ತದೆ. ಬಲ್ಬು ಬದಲಿಸುವಾಗ ಬೆರಳು ಒಳಗಿನ ಪಿನ್ನಿಗೆ ತಗುಲಿದರೆ ಅದು ಮೈಯ ಮೂಲಕ ನೆಲಕ್ಕೆ ಹರಿಯುತ್ತದೆ. ಆದ್ದರಿಂದ ಸ್ವಿಚ್ಚು ಫೇಸ್ ತಂತಿಯಲ್ಲೇ ಇರಬೇಕು.

ಫೇಸ್ ಗುರುತಿಸುವುದು ಹೇಗೆ? ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತು ಅರ್ತ್, ನೋಡುವವರ ಬಲಕ್ಕಿರುವುದು ಫೇಸ್, ಎಡಕ್ಕಿರುವುದು ನ್ಯೂಟ್ರಲ್. ಗೋಡೆಯ ವೈರಿಂಗ್ ಅದಲುಬದಲಾಗಿರುವುದೂ ಉಂಟು. ಹಿರಿಯರು ಟೆಸ್ಟರ್ ಹಿಡಿದು ಖಚಿತಪಡಿಸಿಕೊಳ್ಳಬೇಕು. ದೀಪದ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಹಳೆಯ ವೈರುಗಳಲ್ಲಿ ಕೆಂಪು ಮತ್ತು ಕಪ್ಪು. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಫೇಸ್ ನ್ಯೂಟ್ರಲ್ ಆಗಿಬಿಡುತ್ತದೆ! ಅಂಥ ದೀಪಕ್ಕೆ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ‘ಡಬಲ್ ಪೋಲ್’ ಸ್ವಿಚ್ಚೇ ಸೂಕ್ತ.

ಕೆಲಸಕ್ಕೆ ಕೈಹಾಕುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ. ಸಾಮಾನ್ಯ ಸ್ವಿಚ್ಚಾದರೆ ವೈರಿನ ಹೊರಕವಚವನ್ನಷ್ಟೇ ಬಿಡಿಸಿ, ಫೇಸ್ ತಂತಿಯನ್ನು ಮಾತ್ರ ಕತ್ತರಿಸಿ. ನ್ಯೂಟ್ರಲ್ ಇಡಿಯಾಗಿಯೇ ಸಾಗಲಿ. ಮೂರನೆಯ ಹಸಿರು ಅರ್ತ್ ತಂತಿ ಇದ್ದರೆ ಅದನ್ನೂ ಕತ್ತರಿಸಬಾರದು. ಕತ್ತರಿಸಿದ ತುದಿಗಳನ್ನು ಸ್ವಲ್ಪವೇ ಹೆರೆದು, ಎಳೆಗಳನ್ನು ಹುರಿಗೊಳಿಸಿ, ಸ್ವಿಚ್ಚಿನ ಎರಡು ಸ್ಕ್ರೂಗಳಡಿ ಬಿಗಿಯಬೇಕು. ಒಂದೇ ಒಂದು ಎಳೆ ಹೊರಗುಳಿದರೂ ಶಾರ್ಟ್ ಆದೀತು. ವೈರು ಎಳೆದಾಗ ತಂತಿ ಕಿತ್ತುಬಾರದಂತೆ ಸ್ವಿಚ್ಚಿನೊಳಗಿನ ಪಟ್ಟಿ ಹೊರಕವಚವನ್ನು ಕಚ್ಚಿಹಿಡಿದಿರಬೇಕು. ಮುಚ್ಚಳ ಮುಚ್ಚಿದ ಮೇಲೆ ತಾಮ್ರ ಎಲ್ಲಿಯೂ ಕಾಣಬಾರದು. ಇನ್ಸುಲೇಷನ್ ಟೇಪು ಈ ಯಾವುದಕ್ಕೂ ಬದಲಿಯಲ್ಲ.

ವಿದ್ಯಾರ್ಥಿಗಳು ಈ ಕೆಲಸವನ್ನು ಹಿರಿಯರ ಎದುರಿನಲ್ಲೇ ಮಾಡಬೇಕು. ವೈರು ಒಣಗಿ ಬಿರುಕು ಬಿಟ್ಟಿದ್ದರೆ, ಅಥವಾ ಲೋಹದ ದೀಪಕ್ಕೆ ಅರ್ತ್ ಇಲ್ಲದಿದ್ದರೆ, ಎಲೆಕ್ಟ್ರಿಷಿಯನ್ನರನ್ನು ಕರೆಯುವುದೇ ಜಾಣತನ. ಸ್ವಿಚ್ಚು ಎಷ್ಟೇ ಸರಿಯಾಗಿ ಕೂತಿದ್ದರೂ ಬಲ್ಬು ಬದಲಿಸುವಾಗ ಪ್ಲಗ್ ಕೀಳುವ ಅಭ್ಯಾಸವನ್ನು ಮಾತ್ರ ಬಿಡಬಾರದು.